ಚಪ್ಪಾಳೆ ಬಿದ್ದ ಮೇಲೆ ಕೇಳುವಂತಿಲ್ಲ

“ಹಿಡೀರಿ!”

ಸುಧಾರಾಣಿ ಎಸೆದ ಅಳತೆ ಟೇಪಿನ ಸುರುಳಿ ಕೌಂಟರ್ ದಾಟಿ ಹಾರಿತು. ಅಂಗಡಿಯ ಮ್ಯಾನೇಜರ್ ಅಮರೇಶ ಬೆಚ್ಚಿ, ಬಲಗೈ ಚಾಚಿ ಗಪ್ಪನೆ ಹಿಡಿದ.

“ಏನ್ರಿ ಮೇಡಂ ಇದು, ಮುಂಜಾನೆದ್ದು ಆಟ?”

“ಆಟ ಅಲ್ರಿ. ನಿಮ್ಮ ಕೈ ಯಾವ್ದು ಅಂತ ನೋಡಿದ್ನಿ.” ಆಕೆ ನನ್ನ ಕಡೆ ತಿರುಗಿದಳು. “ಬಲಗೈ. ಬರ್ಕೋರಿ ಅಂದಾನಪ್ಪ.”

ಬರೆದುಕೊಂಡೆ. ಯಾಕೆಂದು ಕೇಳಲಿಲ್ಲ. ಮೂವತ್ತೊಂದು ವರ್ಷ ಬಾದಾಮಿ–ಇಳಕಲ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಟಿಕೀಟು ಹರಿಯುವಾಗ ಯಾವ ಊರು ಎಂದು ಕೇಳಬೇಕೇ ಹೊರತು ಯಾಕೆ ಹೊರಟಿರಿ ಎಂದು ಕೇಳಬಾರದು. ರಿಟೈರ್ ಆದ ಮೇಲೆ ಈ ಪತ್ತೇದಾರ ಹೆಣ್ಣುಮಗಳ ಜೀಪು ಓಡಿಸುತ್ತಿದ್ದೇನೆ. ಮನೆಯಲ್ಲಿ ಕೂತು ಪೇಪರ್ ಓದುವುದಕ್ಕಿಂತ ಇದರಲ್ಲಿ ರುಚಿ ಜಾಸ್ತಿ.

ಸೋಮವಾರ, ಮುಂಜಾನೆ ಎಂಟೂವರೆ. ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿರುವ ‘ಹೊಸಮಡಿ’ ಬಟ್ಟೆ ಅಂಗಡಿಯ ಶಟರು ಇನ್ನೂ ಅರ್ಧಕ್ಕೇ ಇತ್ತು. ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್, ನಾಲ್ಕೂ ಕಡೆ ಈ ಕಂಪನಿಯ ಅಂಗಡಿಗಳಿವೆ. ನಾಲ್ಕರ ಗೋಡೆಯ ಮೇಲೂ ಹಳದಿ ಬಣ್ಣದಲ್ಲಿ ಅವೇ ಮೂರು ಸಾಲು:

ಒಪ್ಪಿಕೊಂಡ ತಪ್ಪಿಗೆ ಶಿಕ್ಷೆ ಇಲ್ಲ.
ಮುಚ್ಚಿಟ್ಟ ತಪ್ಪಿಗೆ ಕ್ಷಮೆ ಇಲ್ಲ.
ಚಪ್ಪಾಳೆ ಬಿದ್ದ ಮೇಲೆ ಯಾರೂ ಕೇಳುವಂತಿಲ್ಲ.

ಮೊದಲ ಸಲ ಓದಿದಾಗ ನನಗೆ ಭಾರೀ ಹಿಡಿಸಿತ್ತು. ನಮ್ಮ ಡಿಪೋದಲ್ಲಿ ಇಂಥದೊಂದು ಗೋಡೆ ಇದ್ದಿದ್ದರೆ ನನ್ನ ಎರಡು ಇನ್‌ಕ್ರಿಮೆಂಟ್ ಉಳಿಯುತ್ತಿದ್ದವು. ಪ್ರತಿ ಸೋಮವಾರ ಇಳಕಲ್ಲಿನ ದೊಡ್ಡ ಅಂಗಡಿಯ ಮಹಡಿ ಮೇಲೆ ಇವರ ಸಭೆ. ಅಲ್ಲೊಂದು ಕರಿ ಹಲಗೆ. ವಾರದಲ್ಲಿ ಯಾರು ಏನು ತಪ್ಪು ಮಾಡಿದ್ದರೂ ‘ನಾನು’ ಎಂದು ಶುರು ಮಾಡಿ ಹಲಗೆಯ ಮೇಲೆ ಬರೆಯಬೇಕು. ಬರೆದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಬೇಕು, ಮೊದಲ ಚಪ್ಪಾಳೆ ಒಡತಿಯದು. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಅದೇ ಗೋಡೆ ನೋಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಕಾರಣ ರಂಗವ್ವ.

ಹದಿನೈದು ದಿನದ ಹಿಂದೆ ಒಬ್ಬ ಟೀಚರಮ್ಮ ಇದೇ ಬಾದಾಮಿ ಅಂಗಡಿಯಲ್ಲಿ ಕೊಂಡ ಕೈಮಗ್ಗದ ಇಳಕಲ್ ಸೀರೆಯನ್ನು ತಿರುವಿ ನೋಡಿ, ಇದು ಪವರ್‌ಲೂಮಿನದು ಎಂದು ವಿಡಿಯೊ ಮಾಡಿ ಬಿಟ್ಟಳು. ಹುಡುಕಿದರೆ ಅಂಥವು ಒಟ್ಟು ನಲವತ್ತೊಂದು. ಎಲ್ಲದರ ಸೆರಗಿನ ಒಳಮೂಲೆಯಲ್ಲೂ ಮೂರು ಓರೆ ಕೆಂಪು ಹೊಲಿಗೆ. ಅದು ರಂಗವ್ವನ ಮುದ್ರೆ. ಇಳಕಲ್ಲಿನ ಗೋದಾಮಿನಲ್ಲಿ ಆಕೆ ಪ್ರತಿ ಸೀರೆಯನ್ನೂ ಮುಟ್ಟಿ ನೋಡುತ್ತಾಳೆ. ಸೈ ಅನ್ನಿಸಿದರೆ ಮಾತ್ರ ಮೂರು ಹೊಲಿಗೆ. ಅದಿಲ್ಲದೆ ಯಾವ ಸೀರೆಯೂ ಅಂಗಡಿಗೆ ಹೋಗುವಂತಿಲ್ಲ.

ನಮ್ಮನ್ನು ಕರೆಸಿದವರು ಒಡತಿ ಶಿವಗಂಗಾ. ಚಾ ಕಪ್ಪನ್ನು ಎಡಗೈಯಲ್ಲಿ ಕೊಟ್ಟರು. ನನ್ನ ಮುಖ ಸಣ್ಣಗಾದದ್ದು ಕಂಡು, “ತಪ್ಪ ತಿಳೀಬ್ಯಾಡ್ರಿ” ಎಂದು ನಕ್ಕರು. ಮೂವತ್ತೈದು ವರ್ಷದ ಹಿಂದೆ ಒಂದೇ ಓಣಿಯಲ್ಲಿ, ರಂಗವ್ವನ ಜೊತೆ ಒಂದೇ ಸೂಜಿ ಹಂಚಿಕೊಂಡು ಕೆಲಸ ಕಲಿತ ಕಥೆ ಹೇಳಿದರು. ಹೇಳುತ್ತ ಕಣ್ಣು ಒರೆಸಿಕೊಂಡರು. “ಆಕಿ ಒಪ್ಪಿಕೊಂಡ್ರ ಸಾಕ್ರಿ. ನಮ್ಮ ಗ್ವಾಡಿ ಮ್ಯಾಲ ಬರದೈತಲ್ಲ, ಯಾರೂ ಆಕಿನ್ನ ಏನೂ ಅನ್ನಂಗಿಲ್ಲ.”

ಇವತ್ತಿನ ಸಭೆಯೇ ಗಡುವು. ಹನ್ನೆರಡರೊಳಗೆ ರಂಗವ್ವ ಒಪ್ಪಿಕೊಂಡರೆ ಕೆಲಸ ಉಳಿಯುತ್ತದೆ. ಒಪ್ಪದಿದ್ದರೆ ಮುಚ್ಚಿಟ್ಟವಳೆಂದು ಹೊರಗೆ. ಮಾಡೇ ಇಲ್ಲ ಅನ್ನುವವಳಿಗೆ ಆ ಗೋಡೆಯ ಮೇಲೆ ಒಂದು ಸಾಲೂ ಇರಲಿಲ್ಲ.

“ನಾ ಮಾಡದ ತಪ್ಪ ಹೆಂಗ ಒಪ್ಪಲಿ ಅಣ್ಣಾ?” ಎಂದು ಆಕೆ ಕೇಳಿದ್ದಳು. “ಬೀರಪ್ಪನ ಆಣಿ, ಸತ್ರೂ ಒಪ್ಪಂಗಿಲ್ಲ.”

ಆ ಮಾತು ಕೇಳಿದ ಮೇಲೆ ನನಗಂತೂ ನಿದ್ದೆ ಹತ್ತಿರಲಿಲ್ಲ.

*

ಸುಧಾರಾಣಿ ಮೊಬೈಲನ್ನು ಅಮರೇಶನ ಮುಂದೆ ಇಟ್ಟಳು. ಕರಿ ಹಲಗೆಯ ಫೋಟೊಗಳು. ಪ್ರತಿ ಸೋಮವಾರ ಸಭೆ ಮುಗಿದ ಮೇಲೆ ಕಂಪನಿಯ ‘ಮೌಲ್ಯ ಅಧಿಕಾರಿ’ ಮಹೇಶ್ವರಿ ಹಲಗೆಯ ಫೋಟೊ ಹಿಡಿದು ಗ್ರೂಪಿಗೆ ಹಾಕುತ್ತಾಳೆ. ಹೌದು, ಈ ಕಂಪನಿಯಲ್ಲಿ ಮೌಲ್ಯಕ್ಕೂ ಒಬ್ಬ ಅಧಿಕಾರಿ ಇದ್ದಾಳೆ.

“ಯುಗಾದಿ ಆದ ಸೋಮವಾರ. ನೀವು ಬರದದ್ದು ಓದ್ಲಿ?” ಸುಧಾರಾಣಿ ಕೇಳಿದಳು. “‘ನಾನು ಮೂವತ್ತು ಚೀಟಿ ನೀರಲ್ಲಿ ನೆನೆಸಿದೆ.’ ಚಪ್ಪಾಳಿ. ಬಸವ ಜಯಂತಿ ವಾರ: ‘ನಾನು ಇಪ್ಪತ್ತೈದು ಚೀಟಿ ಕಸದಲ್ಲಿ ಹಾಕಿಬಿಟ್ಟೆ.’ ಚಪ್ಪಾಳಿ. ಕಾರಹುಣ್ಣಿವಿ ಮುಂದ: ‘ನಾನು ನಿರ್ಲಕ್ಷ್ಯ ಮಾಡಿ ನಲವತ್ತು ಚೀಟಿ ಇಲಿಗೆ ಬಿಟ್ಟೆ.’ ಭಾರೀ ಚಪ್ಪಾಳಿ ಬಿದ್ದಿರಬೇಕು.”

ಚೀಟಿ ಎಂದರೆ ಪ್ರತಿ ಸೀರೆಗೆ ಕಟ್ಟುವ ‘ಕೈಮಗ್ಗ’ದ ಕಾರ್ಡು, ಪರೀಕ್ಷಿಸಿದವರು ರಂಗವ್ವ ಎಂದು ಅಚ್ಚು ಹಾಕಿದ್ದು.

“ಒಟ್ಟ ತೊಂಬತ್ತೈದು. ಪ್ರತಿ ಸಲ ಹೊಸಾ ಚೀಟಿ ಬಂದ್ವು, ಯಾರೂ ಯಾಕ ಅನ್ನಲಿಲ್ಲ. ಹಳೇವು ನೆನದಿರಲಿಲ್ಲ, ಇಲಿನೂ ತಿಂದಿರಲಿಲ್ಲ, ಪವರ್‌ಲೂಮ್ ಸೀರಿಗೆ ಕಟ್ಟಿದ್ರಿ. ಸಿಕ್ಕ ಸೀರಿ ನಲವತ್ತೊಂದು. ಉಳದ ಐವತ್ನಾಲ್ಕು ಯಾರ ಮೈಮ್ಯಾಲ ಅದಾವ ಅಮರೇಶ?”

ಅಮರೇಶ ಗಟ್ಟಿ ಆಸಾಮಿ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಮೆಲ್ಲಗೆ ಕೈ ಎತ್ತಿ ಗೋಡೆ ತೋರಿಸಿದ.

“ಮೂರನೇ ಸಾಲು ಓದ್ರಿ ಮೇಡಂ. ಚಪ್ಪಾಳಿ ಬಿದ್ದೈತಿ. ಕೇಳಂಗಿಲ್ಲ.”

ನನ್ನ ಮೈ ಉರಿದುಹೋಯಿತು. ಎಷ್ಟು ಸಲೀಸು! ದೊಡ್ಡ ತಪ್ಪು ಮುಚ್ಚಲು ಸಣ್ಣ ತಪ್ಪು ಒಪ್ಪಿಕೊಳ್ಳುವುದು. ನಾಲ್ಕೂ ಅಂಗಡಿಯ ಇಪ್ಪತ್ತಾರು ಮಂದಿ ಈ ಬರಹ ಓದಿದ್ದಾರೆ. ಇಲಿ ಬರೀ ಚೀಟಿ ತಿಂದು ಸೀರೆ ಬಿಟ್ಟಿತೇ ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕೆನ್ನಿಸಿರಲಿಲ್ಲವೇ ಎಂದು ಹುನಗುಂದದ ಅಂಗಡಿಯಲ್ಲಿ ವಿಚಾರಿಸಿದ್ದೆ. “ಛೇ, ಒಪ್ಕೊಂಡವ್ರನ್ನ ಕೇಳ್ತಾರೇನ್ರಿ?” ಎಂದು ನನಗೇ ನಾಚಿಕೆಯಾಗುವಂತೆ ಅಂದಿದ್ದರು. ಬೇರೆ ಯಾವ ಕಂಪನಿಯಲ್ಲೂ ಈ ಕಳ್ಳತನ ನಡೆಯುತ್ತಿರಲಿಲ್ಲ. ಇಷ್ಟು ಒಳ್ಳೆಯವರ ನಡುವೆ ಮಾತ್ರ ನಡೆಯುವಂಥದ್ದು.

ಇನ್ನು ಸುಮ್ಮನಿರಲು ಆಗಲಿಲ್ಲ. ನಾನು ಬಾಯಿ ಹಾಕಿದೆ.

“ಚೀಟಿ ಸುದ್ದಿ ಬಿಡು. ಗುರುವಾರಕ್ಕೊಮ್ಮೆ ಕುಳಗೇರಿ ಕ್ರಾಸ್‌ನಾಗ ಏನ್ ಕೆಲಸ ಲೇ ನಿನಗ?”

ಇಸ್ತ್ರಿ ಮೊದಲ ಸಲ ಮಡಚಿತು. “ಯಾರ್… ಯಾರ್ ಹೇಳಿದ್ರು?”

“ಕ್ರಾಸ್‌ನ್ಯಾಗ ಚಾದಂಗಡಿ ಇಟ್ಟ ಹನಮಪ್ಪ ನನ್ನ ಗೆಳ್ಯಾ. ನೀ ಅಲ್ಲಿ ಎಷ್ಟ ಚಾ ಕುಡದಿ ಅಂತನೂ ಹೇಳ್ಯಾನ.” ಕಿಸೆಯಿಂದ ಸಣ್ಣ ಕಾಗದವೊಂದನ್ನು ತೆಗೆದು ಕೌಂಟರಿನ ಮೇಲೆ ಬಡಿದೆ. “ಇದನ್ನೂ ಕೊಟ್ಟಾನ. ನೀ ಸೀರಿ ಗಂಟ ಬಿಚ್ಚಿ ಒಗದದ್ದು.”

ಅದು ಬಸ್ಸಿನ ಲಗೇಜ್ ಟಿಕೀಟು. ಬೇರೆಯವರಿಗೆ ಅದು ಕಸ. ನನಗೆ ಜಾತಕ. ಹತ್ತಿದ್ದು ಇಳಕಲ್, ಇಳಿಸಬೇಕಾದದ್ದು ಕುಳಗೇರಿ ಕ್ರಾಸ್. ಇಳಕಲ್ಲಿನಿಂದ ಬರುವ ಬಸ್ಸು ಬಾದಾಮಿ ದಾಟಿ, ಇನ್ನೂ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಕುಳಗೇರಿ ಕ್ರಾಸ್. ಬಾದಾಮಿ ಅಂಗಡಿಗೆ ಬರಬೇಕಾದ ಗಂಟು ಬಾದಾಮಿಯಲ್ಲಿ ಇಳಿಯದೆ ಮುಂದೆ ಹೋಗಿ ಇಳಿಯುತ್ತದೆ ಎಂದರೆ, ತಲಬಾಗಿಲ ಮುಂದೆ ನಿಂತವನು ಊರು ಸುತ್ತಿ ಹಿತ್ತಲಿಂದ ಮನೆ ಹೊಕ್ಕಂತೆ. ಕಂಪನಿಗೆ ತನ್ನದೇ ವ್ಯಾನ್ ಬೇರೆ ಇದೆ.

ಅಮರೇಶ ಸ್ಟೂಲಿನ ಮೇಲೆ ಕೂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ ತನ್ನ ಕಿಸೆಯ ಮೇಲೆ ಕೈ ಇಟ್ಟುಕೊಂಡ.

“ಗಂಟ ತರೋದಷ್ಟ ನನ್ನ ಕೆಲಸರಿ. ಚೀಟಿ ಕಟ್ಟೋದು, ಮಾರೋದು. ಹೊಲಿಗಿ ಅಲ್ಲಿಂದನ ಹಾಕೇ ಬರ್ತಿದ್ವು. ರಂಗವ್ವ ಹಾಕ್ಯಾಳ ಅಂತ ನಾ ತಿಳದಿದ್ನಿ, ಖರೆ ಹೇಳ್ತೇನಿ.”

“ಕಳಸಾವ್ರು ಯಾರು?”

“ಇಳಕಲ್ಲಾಗಿನವ್ರು.”

“ಹೆಸರು?”

“ಅದೊಂದ ಕೇಳಬ್ಯಾಡ್ರಿ.” ಆತನ ಧ್ವನಿ ಇಳಿದಿತ್ತು. “ಐದು ತಿಂಗಳದಾಗ ಎಂಟನೂರು ಸೀರಿ ಕೊಡ್ತೇವಿ ಅಂತ ದೊಡ್ಡ ಆರ್ಡರ್ ಒಪ್ಪಿಕೊಂಡಾರ. ಮಗ್ಗದ ಮಾಲೆಲ್ಲ ಅಲ್ಲಿಗೆ ಹೋತು. ಅಂಗಡಿ ಖಾಲಿ ಕಾಣಬಾರದಲ್ರಿ? ಸ್ವಲ್ಪ ದಿನ ಅಷ್ಟ, ಆಮ್ಯಾಲ ಎಲ್ಲಾ ನಿಲ್ಲಿಸ್ತೇವಿ ಅಂದ್ರು.”

ಇಳಕಲ್ ಎಂದು ಕೇಳಿ ನಾನು ಸುಧಾರಾಣಿಯ ಕಡೆ ತಿರುಗಿದೆ. ಇಳಕಲ್ಲಿನಲ್ಲಿ ಆ ಹೊಲಿಗೆ ಹಾಕುವವಳು ರಂಗವ್ವ ಒಬ್ಬಳೇ ಅಲ್ಲವೇ? ನಾವು ನಂಬಿದ್ದೇ ಸುಳ್ಳಾಯಿತೇ?

ಸುಧಾರಾಣಿಗೆ ನನ್ನ ಮುಖ ಓದಲು ಬರುತ್ತದೆ. ಚೀಲದಿಂದ ಎರಡು ಸೀರೆ ತೆಗೆದು ಎರಡರ ಸೆರಗಿನ ಮೂಲೆಯನ್ನೂ ಪಕ್ಕಪಕ್ಕ ಇಟ್ಟಳು.

“ಅಂದಾನಪ್ಪ, ಚಷ್ಮಾ ಹಾಕ್ಕೊಂಡ ನೋಡ್ರಿ. ಇದು ರಂಗವ್ವನ ಖರೇ ಹೊಲಿಗಿ. ಯಾವ ಕಡೆ ವಾಲೈತಿ?”

“ಬಲಕ್ಕ.”

“ಇದು ಡುಪ್ಲಿಕೇಟ್ ಸೀರೀದು.”

ಮೂರು ಕೆಂಪು ಹೊಲಿಗೆ, ಅಷ್ಟೇ ಉದ್ದ, ಅಷ್ಟೇ ಅಂತರ. ಆದರೆ ಮೂರೂ ಎಡಕ್ಕೆ ವಾಲಿದ್ದವು.

“ನಲವತ್ತೊಂದೂ ಹಿಂಗ ಅದಾವು. ನಿನ್ನೆ ರಾತ್ರಿ ಬೀಗ ತಗಸಿ ಎಲ್ಲಾ ತಿರುವಿ ನೋಡಿದ್ನಿ. ಇದು ಎಡಗೈ ಹೊಲಿಗಿ. ರಂಗವ್ವ ಬಲಗೈಯಾಕಿ. ಈ ಮನಷ್ಯಾನೂ ಬಲಗೈಯಾಂವ, ಟೇಪ್ ಹಿಡದದ್ದು ನೋಡಿದ್ರಲ್ಲ.”

ಖುಷಿಗೆ ನಾನು ಕೌಂಟರ್ ಗುದ್ದಿದೆ. “ಹಂಗಾದ್ರ ರಂಗವ್ವ ಪಾರು! ನಡೀರಿ, ಹನ್ನೆರಡರೊಳಗ ಹೋಗಿ ತೋರಸೂಣು.”

“ಹನ್ನೆರಡಲ್ರಿ,” ಎಂದ ಅಮರೇಶ, ಮೊಬೈಲ್ ನೋಡುತ್ತ. “ಸಭಾ ಹನ್ನೊಂದಕ್ಕ. ಈಗ ಮಹೇಶ್ವರಿ ಮೇಡಂ ಗ್ರೂಪಿಗೆ ಹಾಕ್ಯಾರ. ನಿಮಗ ಹೇಳಿಲ್ಲೇನು? ರಂಗವ್ವ ಒಪ್ಪಿಕೊಳ್ತಾಳಂತ.”

*

ಒಂಬತ್ತು ಹತ್ತಕ್ಕೆ ಜೀಪು ಬಾದಾಮಿ ಬಿಟ್ಟಿತು.

ನೂರಾ ಹತ್ತು ನಿಮಿಷ, ಎಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಗುಳೇದಗುಡ್ಡ, ಕಮತಗಿ, ಅಮೀನಗಡ, ಹುನಗುಂದ, ಇಳಕಲ್. ಈ ದಾರಿಯ ಪ್ರತಿ ಉಬ್ಬುತಗ್ಗಿಗೂ ನನ್ನ ಸೊಂಟದ ಪರಿಚಯವಿದೆ. ಆದರೆ ಬಸ್ಸಿನಲ್ಲಿ ನಾನು ಹಿಂದೆ ನಿಂತು ಸೀಟಿ ಊದುತ್ತಿದ್ದೆ. ಇವತ್ತು ನಾನೇ ಸ್ಟಿಯರಿಂಗ್ ಹಿಡಿದು ಹಾರ್ನ್ ಬಡಿಯುತ್ತಿದ್ದೆ.

ಸುಧಾರಾಣಿ ಫೋನ್ ಹಚ್ಚಿದಳು. ರಂಗವ್ವನ ನಂಬರ್ ಬಂದ್. ಶಿವಗಂಗಾ ಎತ್ತಲಿಲ್ಲ. ಮಹೇಶ್ವರಿ ಎರಡು ಸಲ ಕಟ್ ಮಾಡಿದಳು.

“ನಿನ್ನೆ ಸಂಜಿತನಕ ಸತ್ರೂ ಒಪ್ಪಂಗಿಲ್ಲ ಅಂದಾಕಿ,” ಎಂದೆ. “ರಾತ್ರೋರಾತ್ರಿ ಏನಾತು ಆಕಿಗೆ? ಯಾರರ ಹೆದರಿಸಿದ್ರೇನು?”

ಕಮತಗಿ ಬಂದಾಗ ಆಕೆ ಫೋನ್ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು.

“ನಿನ್ನೆ ಸಂಜಿಗೆ ನಾವ ಏನ್ ಮಾಡಿದ್ವಿ, ನೆನಸ್ಕೋರಿ.”

ನೆನಸಿಕೊಂಡೆ. ಅಲ್ಲಿಯವರೆಗೆ ಡುಪ್ಲಿಕೇಟ್ ಸೀರೆಗಳನ್ನೆಲ್ಲ ಕಂಪನಿಯವರು ಬೀಗ ಹಾಕಿ ಇಟ್ಟಿದ್ದರು, ರಂಗವ್ವನಿಗೆ ಒಂದನ್ನೂ ತೋರಿಸಿರಲಿಲ್ಲ. ಇದು ಯಾವ ಸೀಮೆಯ ನ್ಯಾಯ ಎಂದು ಹಟ ಹಿಡಿದು, ಒಂದನ್ನು ಬಿಡಿಸಿಕೊಂಡು ಆಕೆಯ ಮನೆಗೆ ಒಯ್ದದ್ದು ನಾವೇ.

ಆಕೆ ಬೆಳಕಿಗೆ ಹೋಗಲಿಲ್ಲ, ಕನ್ನಡಕ ಕೇಳಲಿಲ್ಲ. ಕಣ್ಣು ಮುಚ್ಚಿ, ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಹೆಬ್ಬೆರಳು ಆಡಿಸಿದಳು. ಇಳಕಲ್ ಸೀರೆಯಲ್ಲಿ ಒಡಲಿನ ನೂಲೇ ಬೇರೆ, ಸೆರಗಿನ ರೇಷ್ಮೆಯೇ ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ, ಸಾವಿರಾರು ಕೊಂಡಿ. ಬೆರಳಿಗೆ ಅದು ಸಣ್ಣ ಬದುವಿನಂತೆ ಸಿಗಬೇಕು.

“ಕೊಂಡಿನ ಇಲ್ಲ!” ಎಂದು ನಕ್ಕಿದ್ದಳು ರಂಗವ್ವ. “ಇದನ್ನ ನಾ ಪಾಸ್ ಮಾಡೇನಂತ? ನನ್ನ ಬೆರಳ ಸತ್ತಾವೇನು?”

ಆಮೇಲೆ ಮೂಲೆಯ ಕೆಂಪು ಹೊಲಿಗೆ ನೋಡಿದಳು. ಉಗುರಿನಿಂದ ಮೂರನೇ ಹೊಲಿಗೆಯನ್ನು ಎತ್ತಿದಳು. ದಾರದ ಬಾಲ ಹೊರಗೆ ಕಾಣದಂತೆ ಅದರ ಅಡಿಯಲ್ಲಿ ಅಡಗಿತ್ತು. ಆಕೆಯ ನಗು ನಿಂತಿತು. “ಬಾಲ ಮುಚ್ಚ್ಯಾರಲ್ಲ,” ಎಂದಳು, ತನಗೆ ತಾನೇ. ಆಮೇಲೆ ನೀರು ಕೇಳಿದಳು. ಸೀರೆಯನ್ನು ಮಡಿಚಿ ವಾಪಸು ಕೊಟ್ಟು, ರೊಟ್ಟಿ ಮಾಡಬೇಕು ಹೋಗಿ ಬರ್ರಿ ಅಂದಳು. ತನ್ನ ಮುದ್ರೆಯನ್ನು ಯಾರೋ ಕದ್ದರೆಂಬ ಬೇಸರ ಎಂದು ನಾನು ತಿಳಿದೆ.

“ಹಂಗ ಬಾಲ ಮುಚ್ಚೋದು ಗೋದಾಮಿನ್ಯಾಗ ರಂಗವ್ವನ್ನ ಬಿಟ್ಟ ಇನ್ನೊಬ್ರಿಗೆ ಗೊತ್ತಿಲ್ಲ,” ಎಂದಳು ಸುಧಾರಾಣಿ. “ಮುಂಜಾನಿ ಫೋನ್ ಮಾಡಿ ಕೇಳೇನಿ. ಆಕಿ ಆ ಕೈ ಗುರ್ತ ಹಿಡದ್ಲು ಅಂದಾನಪ್ಪ. ಯಾರ್ದಂತ ತಿಳದ ಮ್ಯಾಲ ಒಪ್ಪಿಕೊಳ್ಳಾಕ ಹೊಂಟಾಳ. ಯಾರನ್ನೋ ಉಳಸಾಕ. ಹೊಂಡಿಸಿದವ್ರು ನಾವು.”

ಅಮೀನಗಡದ ಕರದಂಟಿನ ಅಂಗಡಿಗಳು ಹಿಂದೆ ಓಡಿದವು. ಯಾವತ್ತೂ ನಿಲ್ಲಿಸದೆ ಹೋದವನಲ್ಲ ನಾನು. ಇವತ್ತು ಕಾಲು ಬ್ರೇಕಿನ ಕಡೆ ಹೋಗಲೇ ಇಲ್ಲ.

“ಮಹೇಶ್ವರಿನ ಇರಬೇಕು,” ಎಂದೆ. “ಚೀಟಿ ಅಚ್ಚ ಹಾಕ್ಸೋದು ಆಕಿ. ಮೂರನೇ ಸಾಲು ಬರಸಿದಾಕಿ ಆಕಿ. ಸಭಾ ಮುಂದ ಮಾಡಿದಾಕಿನೂ ಆಕಿನ.”

“ಆಕಿ ಹೊಲಿಗಿ ಹಾಕಬಲ್ಲಳೇನು?”

ಮಹೇಶ್ವರಿ ಕುರ್ತಾದ ಬಿಚ್ಚಿದ ಅಂಚಿಗೆ ಸ್ಟೇಪ್ಲರ್ ಪಿನ್ನು ಹೊಡೆದುಕೊಂಡು ಓಡಾಡುವವಳು. ನಾನೇ ಕಣ್ಣಾರೆ ನೋಡಿದ್ದೆ.

“ಎಡಗೈಯವ್ರು ಯಾರರ ಗೊತ್ತದಾರೇನು, ಆ ಕಂಪನಿಯೊಳಗ?” ಎಂದಳು ಸುಧಾರಾಣಿ. ಶಿವಗಂಗಾ ಚಾ ಕೊಟ್ಟ ದಿನ ಆಕೆ ಒಳಗೆ ರಿಜಿಸ್ಟರ್ ನೋಡುತ್ತಿದ್ದಳು. ಹೊರಗೆ ಕೂತಿದ್ದವನು ನಾನೊಬ್ಬನೇ.

ಓದುತ್ತಿರುವ ನೀವು ಇಷ್ಟೊತ್ತಿಗೆ ಹಿಡಿದಿರುತ್ತೀರಿ. ನನ್ನ ಮುಂದೆ ಆಗ ಹುನಗುಂದದ ಎಮ್ಮೆಗಳು ರಸ್ತೆ ತುಂಬ ನಿಂತಿದ್ದವು. “ನನಗೇನ್ ಗೊತ್ತು!” ಎಂದು ಹಾರ್ನ್ ಬಡಿದೆ. ಆ ಎಮ್ಮೆಗಳಿಗೂ ನನಗೂ ಬುದ್ಧಿಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ.

*

ಇಳಕಲ್ಲಿನ ಅಂಗಡಿ ಮುಂದೆ ಜೀಪು ನಿಂತಾಗ ಹನ್ನೊಂದು ದಾಟಿ ಏಳು ನಿಮಿಷ.

ಮೆಟ್ಟಿಲಿನಲ್ಲಿರುವಾಗಲೇ ಕೇಳಿಸಿತು. ಚಪ್ಪಾಳೆ.

ಸುಧಾರಾಣಿ ಎರಡೆರಡು ಮೆಟ್ಟಿಲು ಹಾರಿ ಬಾಗಿಲು ತಳ್ಳಿದಳು.

ಎಲ್ಲರೂ ಎದ್ದು ನಿಂತು ತಟ್ಟುತ್ತಿದ್ದರು. ಕೆಲವರ ಕಣ್ಣಲ್ಲಿ ನೀರು. ಹಲಗೆಯ ಪಕ್ಕದಲ್ಲಿ ರಂಗವ್ವ, ತಲೆ ಮೇಲೆ ಸೆರಗು, ಕೈ ಕಟ್ಟಿಕೊಂಡು. ಬರೆಯಲು ಬಾರದವರು ಬಾಯಿಂದ ಹೇಳಿದರೆ ಮಹೇಶ್ವರಿ ಬರೆದುಕೊಡುವುದು ಇಲ್ಲಿಯ ರೂಢಿ. ದುಂಡು ಅಕ್ಷರದಲ್ಲಿ ಬರೆದಿತ್ತು:

‘ನಾನು ನಲವತ್ತೊಂದು ಸೀರೆಗಳನ್ನು ನೋಡದೆ ಹೊಲಿಗೆ ಹಾಕಿದೆ. – ರಂಗವ್ವ’

“ನಿಲ್ಲಸ್ರಿ!” ಸುಧಾರಾಣಿ ಕೂಗಿದಳು. “ಆಕಿ ಹಾಕಿಲ್ಲ ಆ ಹೊಲಿಗಿ! ನನ್ನ ಕಡೆ ಪುರಾವೆ ಐತಿ!”

ಚಪ್ಪಾಳೆ ನಿಂತಿತು. ಆದರೆ ಯಾರ ಮುಖದಲ್ಲೂ ಸಂತೋಷ ಕಾಣಲಿಲ್ಲ. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡುವಂತೆ ನಮ್ಮನ್ನು ನೋಡಿದರು.

“ಸಾರಿ ಮೇಡಂ,” ಎಂದಳು ಮಹೇಶ್ವರಿ, ಬಹಳ ಮೆತ್ತಗೆ. “ಚಪ್ಪಾಳಿ ಬಿದ್ದೈತಿ. ಇನ್ನ ಅದನ್ನ ಯಾರೂ ತಗೀಬಾರ್ದು. ನಮ್ಮ ಕಂಪನಿ ನಡದದ್ದ ಈ ನಂಬಿಕಿ ಮ್ಯಾಲ.”

“ರಂಗವ್ವ, ನೀವರ ಖರೆ ಹೇಳ್ರಿ!”

ರಂಗವ್ವ ನನ್ನ ಕಡೆ ನೋಡಿದಳು. “ಅಣ್ಣಾ, ನೀ ಕಂಡಕ್ಟರ್ ಇದ್ದಾಂವ. ಟಿಕೀಟ ತಗೊಂಡಾಗೇತಿ ನಾ. ಇನ್ನ ನನ್ನ ಇಳಸಬ್ಯಾಡ.”

ಇಪ್ಪತ್ತು ವರ್ಷ ತಪ್ಪು ಸೀರೆಯೊಂದನ್ನೂ ಹೊರಗೆ ಬಿಡದ ಬೆರಳುಗಳನ್ನು ಆಕೆ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

ಶಿವಗಂಗಾ ಮುಂದೆ ಬಂದರು. ಬಿಳಿ ಸೀರೆ, ಹಣೆಯಲ್ಲಿ ವಿಭೂತಿ, ಶಾಂತ ಮುಖ. ಒಪ್ಪಿಕೊಂಡ ತಪ್ಪಿನ ಕೆಳಗೆ ಒಡತಿ ಗೆರೆ ಎಳೆದು ‘ಮುಗಿಯಿತು’ ಎಂದು ಬರೆಯಬೇಕು, ಅದೂ ರೂಢಿ.

ಸೀಮೆಸುಣ್ಣ ತೆಗೆದುಕೊಂಡರು. ಎಡಗೈಯಲ್ಲಿ.

ಆ ಚಾ ಕಪ್ಪು ನನ್ನ ಕಣ್ಣ ಮುಂದೆ ಬಂತು. ಒಂದೇ ಸೂಜಿ ಹಂಚಿಕೊಂಡು ಕಲಿತ ಕಥೆ ಕಿವಿಯಲ್ಲಿ ಕೇಳಿಸಿತು. ನಾನು ಸುಧಾರಾಣಿಯ ತೋಳು ಹಿಡಿದೆ. ಹೇಳುವ ಅಗತ್ಯವಿರಲಿಲ್ಲ, ಆಕೆ ಆ ಕೈಯನ್ನೇ ನೋಡುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ನಾವು ದನ ಹುಡುಕುತ್ತ ನಾಲ್ಕೂರು ತಿರುಗಿದ್ದೆವು.

ಶಿವಗಂಗಾ ‘ಮುಗಿಯಿತು’ ಬರೆದು ತಿರುಗಿದರು. “ನಿಮ್ಮ ಕೆಲಸನೂ ಮುಗೀತ್ರಿ ಸುಧಾರಾಣಿ. ಭಾಳ ಉಪಕಾರ ಆತು.”

“ಇನ್ನೊಂದ ನಿಮಿಷ,” ಎಂದಳು ಆಕೆ. “ಇಲ್ಲಿ ದುಡ್ಯಾವ್ರು ಯಾರ ಬೇಕಾದ್ರೂ ಬರೀಬಹುದಲ್ಲ ಹಲಗಿ ಮ್ಯಾಲ?”

“ಸ್ಟಾಫ್ ಮಾತ್ರ,” ಎಂದಳು ಮಹೇಶ್ವರಿ.

“ಹತ್ತ ದಿನದಿಂದ ನಾನೂ ಕಂಪನಿ ಕೆಲಸದಾಗ ಅದೇನಿ. ನನ್ನಿಂದನೂ ಒಂದ ತಪ್ಪಾಗೇತಿ.”

ಯಾರೂ ಬೇಡವೆನ್ನಲಿಲ್ಲ. ತಪ್ಪು ಒಪ್ಪಿಕೊಳ್ಳುತ್ತೇನೆ ಎಂದವರನ್ನು ಈ ಮನೆಯಲ್ಲಿ ತಡೆಯುವ ಧೈರ್ಯ ಯಾರಿಗಿದೆ? ಸುಧಾರಾಣಿ ಸೀಮೆಸುಣ್ಣ ಹಿಡಿದು ದೊಡ್ಡದಾಗಿ ಬರೆದಳು:

‘ನಾನು ಎಲ್ಲರ ಕೈ ನೋಡಿದೆ. ನನ್ನನ್ನು ಕರೆಸಿದವರ ಕೈ ನೋಡಲಿಲ್ಲ.’

ಹಲಗೆಯ ಕೆಳಗಿದ್ದ ಮೇಜಿನ ಮೇಲೆ ಆ ಎರಡು ಸೆರಗುಗಳನ್ನು ಬಿಚ್ಚಿ ಹಾಸಿದಳು. ಒಂದರ ಹೊಲಿಗೆ ಬಲಕ್ಕೆ, ಒಂದರದು ಎಡಕ್ಕೆ. ಗೋದಾಮಿನ ಹೆಣ್ಣುಮಕ್ಕಳು ಬಾಗಿ ನೋಡಿದರು. ಅವರಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬೊಬ್ಬರಾಗಿ ತಲೆ ಎತ್ತಿ ಶಿವಗಂಗಾ ಅವರ ಎಡಗೈ ನೋಡಿದರು. ಬೆರಳುಗಳಿಗೆ ಇನ್ನೂ ಸುಣ್ಣ ಹತ್ತಿತ್ತು.

ಈಗ ಚಪ್ಪಾಳೆ ಬೀಳಬೇಕಿತ್ತು. ಮೊದಲ ಚಪ್ಪಾಳೆ ಒಡತಿಯದು. ಎಲ್ಲರೂ ಕಾದರು.

ಶಿವಗಂಗಾ ಅವರ ಕೈ ಮೇಲೇಳಲಿಲ್ಲ.

ಇದ್ದಕ್ಕಿದ್ದಂತೆ ರಂಗವ್ವ ಹಲಗೆಯ ಕಡೆ ಓಡಿದಳು. ತಲೆಯ ಮೇಲಿನ ಸೆರಗನ್ನೇ ಎಳೆದು ಸುಧಾರಾಣಿ ಬರೆದ ಸಾಲನ್ನು ಉಜ್ಜತೊಡಗಿದಳು. ಜನ್ಮವಿಡೀ ಸೆರಗಿಗೆ ಒಂದು ಕಲೆ ಬೀಳಗೊಡದವಳು, ಸುಣ್ಣ ಮೆತ್ತಿದ ಸೆರಗಿನಿಂದ ಇನ್ನೂ ಗಟ್ಟಿಯಾಗಿ ಉಜ್ಜಿದಳು. “ಏನೂ ಇಲ್ಲವಾ, ಏನೂ ಇಲ್ಲ, ನಂದ ತಪ್ಪ, ನಂದ…”

“ಅಳಸಬ್ಯಾಡ ರಂಗಿ.”

ಒಡತಿಯ ಧ್ವನಿ ಅದಾಗಿರಲಿಲ್ಲ. ಮೂವತ್ತೈದು ವರ್ಷದ ಹಿಂದಿನ ಓಣಿಯ ಹುಡುಗಿಯೊಬ್ಬಳ ಧ್ವನಿ. ರಂಗವ್ವನ ಕೈ ಅಲ್ಲೇ ನಿಂತಿತು.

ಶಿವಗಂಗಾ ಆಕೆಯ ಕೈಯನ್ನು ಮೆಲ್ಲಗೆ ಸರಿಸಿದರು. ರಂಗವ್ವನ ಹೆಸರಿದ್ದ ಸಾಲನ್ನು ತಮ್ಮ ಬರಿ ಅಂಗೈಯಿಂದ ಒರೆಸಿ ಹಾಕಿದರು. ಖಾಲಿಯಾದ ಜಾಗದಲ್ಲಿ ಸೀಮೆಸುಣ್ಣ ಊರಿದರು. ನಾವೆಲ್ಲ ‘ನಾನು’ ಎಂಬ ಮಾತಿಗೆ ಉಸಿರು ಹಿಡಿದು ಕಾದೆವು.

ಅವರು ಬರೆದ ಮೊದಲ ಮಾತು ‘ನಾವಿಬ್ಬರು’.

ಎಲ್ಲರೂ ರಂಗವ್ವನ ಕಡೆ ತಿರುಗಿದರು. ಆಕೆಯ ಮುಖದಲ್ಲಿ ಬರೀ ಆಶ್ಚರ್ಯವಿತ್ತು. ನಾನು ಮಾತ್ರ ಹಳೇ ಅಭ್ಯಾಸದಂತೆ ಬಾಗಿಲ ಕಡೆ ನೋಡಿದೆ. ಯಾರು ಎಲ್ಲಿ ಇಳಿಯುತ್ತಾರೆ ಎಂದು ನೋಡುವುದು ಕಂಡಕ್ಟರನ ಗುಣ.

ಪ್ರತಿ ಸೋಮವಾರ ಆ ಹಲಗೆಯ ಫೋಟೊ ಹಿಡಿಯುತ್ತಿದ್ದ ಮಹೇಶ್ವರಿ, ಇವತ್ತು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಮೆಟ್ಟಿಲಿಳಿಯುತ್ತಿದ್ದಳು.